ಹಳೇ ವಿಂಡೋಸ್, ಹಳೇ ಫೋನು, ಹೊಸ ಸಾಫ್ಟ್‌ವೇರು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಕೂತು ಅಡಿಕೆ ಮಂಡಿ, ಸೊಸೈಟಿ, ಗೊಬ್ಬರದ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡೋನು. ಮಂಡಿ ಸಾಹುಕಾರ್ರು ಫೋನಲ್ಲಿ ಕೇಳಿದ್ದು, ಸೊಸೈಟಿ ಸೆಕ್ರೆಟರಿಗಳು ಕಾಗದ ಬರೆದು ಕೇಳಿದ್ದು, ಪ್ರಾಜೆಕ್ಟ್ ಅಂತ ಬರೋ ಇಂಜಿನಿಯರಿಂಗ್ ಹುಡುಗ್ರು ಟೀ ಅಂಗಡೀಲಿ ಕೇಳಿದ್ದು, ಎಲ್ಲಾ ಸುತ್ತಿ ಸುತ್ತಿ ಅದೇ ಪ್ರಶ್ನೆಗಳು. ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೀನಿ. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಕೋಡ್ ಬರೆಯೋರಿಗೆ.

## ಮಷೀನ್ ಇಟ್ಕೊಂಡೋರು ಕೇಳೋದು

"ನಮ್ ಕಂಪ್ಯೂಟ್ರು ಚೆನ್ನಾಗೇ ಇದೆ ಮಾರಾಯ್ರೆ, ನಿಮ್ ಸಾಫ್ಟ್‌ವೇರ್ ಮಾತ್ರ ಯಾಕೆ ಓಡಲ್ಲ?"

ಯಾವ ಪ್ರೋಗ್ರಾಮೂ ಎಲ್ಲಾ ಕೆಲ್ಸ ತಾನೇ ಮಾಡ್ಕೊಳಲ್ಲ. ಫೈಲ್ ತೆಗಿ, ಟೈಮ್ ಎಷ್ಟು ಹೇಳು, ಇದನ್ನ ಪ್ರಿಂಟರ್‌ಗೆ ಕಳ್ಸು ಅಂತ ವಿಂಡೋಸನ್ನ ಕೇಳ್ತಾನೇ ಇರುತ್ತೆ, ಹಂಗೆ ಕೇಳೋ ಒಂದೊಂದು ಕೆಲ್ಸಕ್ಕೂ ಒಂದೊಂದು ಹೆಸರಿದೆ. ಮಷೀನ್ ಆನ್ ಆಗಿ ಎಷ್ಟು ಹೊತ್ತಾಯ್ತು ಅಂತ ಹೇಳೋ ಗೆಟ್‌ಟಿಕ್‌ಕೌಂಟ್64 ಅನ್ನೋದು ವಿಂಡೋಸ್ ವಿಸ್ತಾದಿಂದ ಬಂದಿದ್ದು, ಅದಕ್ಕಿಂತ ಹಳೇ ವಿಂಡೋಸ್ ಎಕ್ಸ್‌ಪಿಗೆ ಆ ಹೆಸರೇ ಗೊತ್ತಿಲ್ಲ. ಪ್ರೋಗ್ರಾಂ ಶುರು ಮಾಡೋ ಮುಂಚೆ ವಿಂಡೋಸ್ ಈ ಹೆಸರುಗಳನ್ನೆಲ್ಲ ಹುಡುಕುತ್ತೆ, ಒಂದು ಸಿಗ್ಲಿಲ್ಲ ಅಂದ್ರೂ "ಪ್ರೊಸೀಜರ್ ಎಂಟ್ರಿ ಪಾಯಿಂಟ್" ಅಂತ ಏನೋ ಹೇಳಿ ಬಾಗಿಲಲ್ಲೇ ನಿಲ್ಸುತ್ತೆ. ಅದು ನೀವು ವರ್ಷಕ್ಕೊಂದ್ಸಲ ಒತ್ತೋ ಬಟನ್ನಿಗೆ ಬೇಕಾಗಿದ್ದಾದ್ರೂ ಅಷ್ಟೇ, ಪೂರ್ತಿ ಪ್ರೋಗ್ರಾಮೇ ಏಳಲ್ಲ.

ಇನ್ನೊಂದು, ಎಷ್ಟೋ ಸಲ ಆ ಹೆಸರನ್ನ ನಾನು ಬರೆದೇ ಇರಲ್ಲ. ನಾನು ಬಳಸೋ ಕಂಪೈಲರ್ರೋ (ಬರೆದ ಕೋಡನ್ನ ಓಡೋ ಪ್ರೋಗ್ರಾಂ ಮಾಡೋದು) ಲೈಬ್ರರಿನೋ (ಬೇರೆಯೋರು ಬರೆದಿಟ್ಟ ಸಿದ್ಧ ಕೋಡು) ಹೊಸ ವರ್ಷನ್ ಆದಾಗ ತಾನೇ ಸೇರಿಸ್ಕೊಂಡಿರುತ್ತೆ. ನನ್ನ ಕೋಡಲ್ಲಿ ಒಂದಕ್ಷರ ಬದಲಾಗದೇ ಹೋದ ವರ್ಷ ಓಡ್ತಿದ್ದದ್ದು ಈ ವರ್ಷ ಓಡಲ್ಲ.

"ನಮ್ ಇಪ್ಪತ್ತು ವರ್ಷದ ಹಳೇ ಪ್ರೋಗ್ರಾಂ ಹೊಸ ವಿಂಡೋಸಲ್ಲಿ ಓಡುತ್ತೆ. ಹೊಸದು ಹಳೇದ್ರಲ್ಲಿ ಯಾಕೆ ಓಡಲ್ಲ?"

ಹೊಸ ವಿಂಡೋಸ್ ಮಾಡೋರಿಗೆ ಹಳೇ ಪ್ರೋಗ್ರಾಂ ಹೆಂಗಿತ್ತು ಅಂತ ಗೊತ್ತು, ಹಳೇ ಹೆಸರುಗಳನ್ನೆಲ್ಲ ಹಂಗೇ ಉಳಿಸ್ಕೊಂಡು ಬಂದಿದ್ದಾರೆ. ಆದ್ರೆ 2001ರಲ್ಲಿ ಎಕ್ಸ್‌ಪಿ ಮಾಡಿದೋರಿಗೆ 2025ರಲ್ಲಿ ನಾವೇನು ಕೇಳ್ತೀವಿ ಅಂತ ಹೆಂಗೆ ಗೊತ್ತಾಗ್ಬೇಕು? ಅಜ್ಜನ ಕಾಲದ ಅಳತೆ ಮೊಮ್ಮಗನಿಗೆ ಅರ್ಥ ಆಗ್ಬಹುದು, ಮೊಮ್ಮಗನ ಫೋನ್‌ಪೇ ಅಜ್ಜನಿಗೆ ಅರ್ಥ ಆಗ್ಬೇಕು ಅಂದ್ರೆ ಆಗಲ್ಲ.

ಹಳೇದು ಹೊಸದ್ರಲ್ಲಿ ಓಡೋದಕ್ಕೂ ಮಿತಿ ಇದೆ. ವಿಂಡೋಸಿಗೂ ಮುಂಚಿನ ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ 64 ಬಿಟ್ ವಿಂಡೋಸಲ್ಲಿ ನೇರ ಓಡೋದೇ ಇಲ್ಲ, ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ ಮಾತ್ರ. ಫಾಕ್ಸ್‌ಪ್ರೋದಲ್ಲಿ ಬರೆದ ಡಾಸ್ ಲೆಕ್ಕದ ಪ್ರೋಗ್ರಾಂ ಇನ್ನೂ ಇಟ್ಕೊಂಡಿರೋ ಮಂಡಿಗಳಿಗೆ ಹಳೇ ಡಾಸ್ ಮಷೀನ್ ಥರ ನಟಿಸೋ ಡಾಸ್‌ಬಾಕ್ಸ್ ಥರದ್ದರೊಳಗೆ ಓಡಿಸ್ಕೊಡ್ತೀನಿ. ಓಡುತ್ತೆ, ಪ್ರಿಂಟ್ ತೆಗೆಯೋದೇ ಗೋಳು.

"ರೈಟ್ ಕ್ಲಿಕ್ ಮಾಡಿದ್ರೆ ಕಂಪ್ಯಾಟಿಬಿಲಿಟಿ ಮೋಡ್ ಅಂತ ಬರುತ್ತಲ್ಲ, ಅದನ್ನ ಹಾಕಿದ್ರೆ?"

ಅದು ಹಳೇ ಪ್ರೋಗ್ರಾಮಿಗೆ ಹೊಸ ವಿಂಡೋಸ್ ಹೇಳೋ ಒಂದು ಸುಳ್ಳು, "ನಾನು ಎಕ್ಸ್‌ಪಿನೇ ಕಣಪ್ಪ" ಅಂತ. ಜೊತೆಗೆ ಒಂದಷ್ಟು ಹಳೇ ನಡವಳಿಕೆನೂ ನಟಿಸುತ್ತೆ. ಇಲ್ಲದೇ ಇರೋ ಹೊಸ ಸೌಕರ್ಯವನ್ನ ಹಳೇ ವಿಂಡೋಸಿಗೆ ತಂದುಕೊಡೋ ಶಕ್ತಿ ಅದಕ್ಕಿಲ್ಲ. ನಿಮ್ಮ ತೊಂದ್ರೆ ಉಲ್ಟಾ ದಿಕ್ಕಿಂದು.

"ನಾವು ನೆಟ್ಟೇ ಹಾಕಲ್ಲ, ಎಕ್ಸ್‌ಪಿ ಇಟ್ಕೊಂಡ್ರೆ ನಿಮಗೇನು ತೊಂದ್ರೆ?"

ನನಗೇನೂ ಇಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ ಸೆವೆನ್‌ಗೆ 2020ರ ಜನವರಿ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿದೆ. ನೆಟ್ ಇಲ್ಲ ಅಂತೀರಿ, ಆದ್ರೆ ರಿಟರ್ನ್ ಫೈಲ್ ಮಾಡೋಕೆ ಆಡಿಟರ್ ಹತ್ರ ಹೋಗಿ ಬರೋ ಪೆನ್‌ಡ್ರೈವ್ ಇದೆಯಲ್ಲ, ವೈರಸ್ ಅದ್ರಲ್ಲೇ ಆರಾಮಾಗಿ ಕೂತು ಬರುತ್ತೆ. ನಿಜವಾಗ್ಲೂ ಬೇರೆ ಯಾವುದಕ್ಕೂ ಮುಟ್ಟದೇ ಬರೀ ಪಟ್ಟಿ (ಮಂಡಿ ಬಿಲ್ಲು) ಹೊಡೆಯೋಕೆ ಇಟ್ಕೊಂಡಿದ್ರೆ ಇರ್ಲಿ, ದಿನಾ ಬ್ಯಾಕಪ್ ತೆಗೀರಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಹಾರ್ಡ್ ಡಿಸ್ಕ್ ಹೋಗೋದನ್ನ ನೋಡಿದಷ್ಟು ನಾನು ವೈರಸ್ಸನ್ನ ನೋಡಿಲ್ಲ.

"ಈಗ ವಿಂಡೋಸ್ 10ನೂ ಮುಗೀತಂತೆ, ಮಷೀನ್ ಬಿಸಾಕ್ಬೇಕಾ?"

2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಸಪೋರ್ಟ್ ಮುಗೀತು ಹೌದು. ಮನೆ ಬಳಕೆ ಮಷೀನುಗಳಿಗೆ ಹೆಸರು ನೋಂದಾಯಿಸಿದ್ರೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪು, ಸುಮಾರಾಗಿ ಎಂಟನೇ ಪೀಳಿಗೆ ಮೇಲಿನ ಇಂಟೆಲ್ ಪ್ರೊಸೆಸರ್ ಬೇಕು, ಅದಕ್ಕಿಂತ ಹಳೇ ಮಷೀನ್ ಚೆನ್ನಾಗಿದ್ರೂ ಅದು ಒಪ್ಪಲ್ಲ. ನನ್ನ ಸಾಫ್ಟ್‌ವೇರ್ ಮಟ್ಟಿಗೆ 10ರಲ್ಲಿ ಇನ್ನೂ ಸುಮಾರು ವರ್ಷ ಓಡ್ಸೋ ಯೋಚನೆ ಇದೆ, ಅದಕ್ಕೋಸ್ಕರ ಯಾರೂ ಹೊಸದು ತಗೊಳ್ಳೋಕೆ ಹೋಗ್ಬೇಡಿ.

## ಕೋಡ್ ಬರೆಯೋ ಹುಡುಗ್ರು ಕೇಳೋದು

"ಸರ್, ಎಷ್ಟು ಹಳೇ ವಿಂಡೋಸ್‌ವರೆಗೂ ಸಪೋರ್ಟ್ ಕೊಡ್ಬೇಕು?"

ಇದನ್ನ ಇಂಟರ್ನೆಟ್ಟಲ್ಲಿ ಹುಡುಕ್ಬೇಡಿ. ಜಗತ್ತಲ್ಲಿ ಎಷ್ಟು ಪರ್ಸೆಂಟ್ ಜನ ಸೆವೆನ್ ಬಳಸ್ತಾರೆ ಅಂತ ತಗೊಂಡು ಏನ್ ಮಾಡ್ತೀರಿ, ನಿಮಗೆ ಬೇಕಾಗಿರೋದು ತೀರ್ಥಹಳ್ಳಿ, ಹೊಸನಗರದ ನಿಮ್ಮ ನಲವತ್ತು ಗಿರಾಕಿಗಳ ಮೇಜಿನ ಮೇಲೆ ಏನಿದೆ ಅಂತ. ಅವರನ್ನ ಕೇಳಿ, ಇಲ್ಲ ಅವರ ಒಪ್ಪಿಗೆ ತಗೊಂಡು ಪ್ರೋಗ್ರಾಮೇ ಓಎಸ್ ವರ್ಷನ್ನನ್ನ ಲಾಗಲ್ಲಿ ಬರೆದಿಡೋ ಹಂಗೆ ಮಾಡಿ.

ಆಮೇಲೆ ನೋಡ್ಬೇಕಾಗಿದ್ದು ನಿಮ್ಮ ಭಾಷೆ ಎಲ್ಲಿವರೆಗೂ ಬರುತ್ತೆ ಅಂತ. ಈ ತೀರ್ಮಾನ ಅರ್ಧ ನಿಮ್ಮ ಕೈಲಿ ಇರೋದೇ ಇಲ್ಲ. ಪೈಥಾನ್ 3.8 ಸೆವೆನ್‌ನಲ್ಲಿ ಓಡೋ ಕೊನೇದು, 3.9 ಓಡಲ್ಲ, ಎಕ್ಸ್‌ಪಿ ಬೇಕಂದ್ರೆ 3.4ಕ್ಕೇ ಇಳೀಬೇಕು. ಗೋ ಭಾಷೇಲಿ 1.20 ಸೆವೆನ್‌ಗೆ ಕೊನೇದು, 1.21ಕ್ಕೆ ವಿಂಡೋಸ್ 10 ಬೇಕು. ವೆಬ್ ಪುಟದ ಥರ ಬರೆದು ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡೋ ಎಲೆಕ್ಟ್ರಾನ್ 23ರಿಂದ ವಿಂಡೋಸ್ 7, 8, 8.1 ಮೂರನ್ನೂ ಬಿಟ್ಟಿದೆ. ಮೈಕ್ರೋಸಾಫ್ಟಿನ ಡಾಟ್‌ನೆಟ್ ಫ್ರೇಮ್‌ವರ್ಕ್ 4.0 ಎಕ್ಸ್‌ಪಿಗೆ ಕೊನೇದು, 4.8 ಸೆವೆನ್ ಸರ್ವೀಸ್ ಪ್ಯಾಕ್ 1ರಲ್ಲಿ ಚೆನ್ನಾಗೇ ಓಡುತ್ತೆ, ಹಂಗಾಗಿ ನಾನು ಡೆಸ್ಕ್‌ಟಾಪ್‌ಗೆ ಇನ್ನೂ ಅದನ್ನೇ ಹಿಡ್ಕೊಂಡಿದ್ದೀನಿ, ಹುಡುಗ್ರು ನಗ್ತಾರೆ, ನಗ್ಲಿ.

ಹಳೇ ಪೈಥಾನ್‌ಗೆ ಅಂಟ್ಕೊಂಡ್ರೆ ಅದ್ರಲ್ಲಿರೋ ಸೆಕ್ಯುರಿಟಿ ತೂತುಗಳೂ ಜೊತೆಗೇ ಬರ್ತಾವೆ, ಲೈಬ್ರರಿಗಳೂ ಒಂದೊಂದಾಗಿ ಕೈ ಬಿಡ್ತಾವೆ. ಹಂಗಾಗಿ ಸೆವೆನ್ ಸಪೋರ್ಟ್ ಕೊಡ್ತೀವಿ ಅಂತ ಹೇಳೋ ಮುಂಚೆ ಅದು ಎಷ್ಟು ವರ್ಷದ ಮಾತು ಅಂತ ತಾರೀಕು ಹಾಕಿ ಬರೆದುಕೊಡಿ. ತಾರೀಕಿಲ್ಲದ ಮಾತು ಕೊಟ್ಟು ನಾನು ಅನುಭವಿಸಿದ್ದು ಸಾಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಎಲ್ಲರಿಗೂ ಬಿಲ್ ಬದಲಾಯಿಸ್ಬೇಕಿತ್ತು, ಎಕ್ಸ್‌ಪಿ ಇಟ್ಕೊಂಡಿದ್ದ ಆರೇ ಆರು ಜನಕ್ಕೆ ಬೇರೇನೇ ಬಿಲ್ಡ್ ಮಾಡಿ ಕೊಡೋದ್ರಲ್ಲಿ ಆ ತಿಂಗಳು ನಾನು ಮನೇಲಿ ಊಟ ಮಾಡಿದ ನೆನಪೇ ಇಲ್ಲ.

"ವರ್ಷನ್ ನಂಬರ್ ನೋಡಿ ಇಫ್ ಹಾಕಿದ್ರೆ ಆಯ್ತಲ್ಲ?"

ಆಗಲ್ಲ, ಯಾಕಂದ್ರೆ ವಿಂಡೋಸ್ ನಿಜ ಹೇಳಲ್ಲ. ಎಕ್ಸ್‌ಪಿ ಒಳಗಡೆ 5.1, ಸೆವೆನ್ 6.1, 8 ಅಂದ್ರೆ 6.2, 8.1 ಅಂದ್ರೆ 6.3, ವಿಂಡೋಸ್ 10 ಆದ್ರೆ 10.0. ಗೆಟ್‌ವರ್ಷನ್‌ಎಕ್ಸ್ ಅಂತ ಕೇಳಿದ್ರೆ 8.1ರಿಂದ ಮೇಲೆ, ನಿಮ್ಮ ಪ್ರೋಗ್ರಾಮಿನ ಮ್ಯಾನಿಫೆಸ್ಟಲ್ಲಿ (ಜೊತೆಗಿರೋ ವಿವರದ ಚೀಟಿ) "ನನಗೆ ಈ ವಿಂಡೋಸ್ ಗೊತ್ತು" ಅಂತ ಬರೆದಿಲ್ದೇ ಇದ್ರೆ, 6.2 ಅಂತಲೇ ಉತ್ತರ ಬರುತ್ತೆ. ವಿಂಡೋಸ್ 11ನೂ ತನ್ನನ್ನ 10.0 ಅಂತಲೇ ಹೇಳ್ಕೊಳ್ಳುತ್ತೆ, ಬಿಲ್ಡ್ ನಂಬರ್ 22000 ಅಥವಾ ಮೇಲಿದ್ರೆ ಮಾತ್ರ ಅದು 11. ಇನ್ನು ವರ್ಷನ್ನನ್ನ ಅಕ್ಷರದ ಥರ ಹೋಲಿಸಿದೋರ ಕಥೆ ಬೇರೆ, "10" ಅನ್ನೋದು "6"ಕ್ಕಿಂತ ಮುಂಚೆ ಬರುತ್ತಲ್ಲ, ಹೊಸ ವಿಂಡೋಸಲ್ಲಿ "ನಿಮ್ಮದು ತುಂಬಾ ಹಳೇದು" ಅಂತ ಮೆಸೇಜು.

ವರ್ಷನ್ ಬಿಡಿ, ಬೇಕಾದ ವಸ್ತು ಇದೆಯಾ ಅಂತ ಕೇಳಿ. ಒಂದು ಹೆಸರಿನ ಕರೆ ಇದೆಯಾ ಅಂತ ಹುಡುಕಿಕೊಡೋ ಗೆಟ್‌ಪ್ರಾಕ್‌ಅಡ್ರೆಸ್ ಹಾಕಿ ಹುಡುಕಿ, ಸಿಕ್ಕಿದ್ರೆ ಕರೀರಿ, ಸಿಗ್ದೇ ಇದ್ರೆ ಹಳೇ ದಾರಿ. ಟೈಮನ್ನ ತುಂಬಾ ನಿಖರವಾಗಿ ಕೊಡೋ ಹೊಸ ಕರೆ ವಿಂಡೋಸ್ 8ರಿಂದ ಇದೆ, ಇಲ್ದಿದ್ರೆ ಹಳೇ ಕರೆ ಸಾಕು, ಮಂಡಿ ಬಿಲ್ಲಿಗೆ ಮೈಕ್ರೋ ಸೆಕೆಂಡ್ ಯಾರಿಗೆ ಬೇಕು.

"ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತೆ, ಅಲ್ಲಿ ಹೋದ್ರೆ ಡಿಎಲ್‌ಎಲ್ ಇಲ್ಲ ಅನ್ನುತ್ತೆ"

ಡಿಎಲ್‌ಎಲ್ ಅಂದ್ರೆ ಪ್ರೋಗ್ರಾಮುಗಳು ಹಂಚ್ಕೊಂಡು ಬಳಸೋ ಕೋಡಿನ ಫೈಲು. ಹೆಸರು ಎಪಿಐ-ಎಂಎಸ್-ವಿನ್-ಸಿಆರ್‌ಟಿ ಅಂತ ಶುರುವಾಗ್ತಿದ್ರೆ ಅದು ಯೂನಿವರ್ಸಲ್ ಸಿ ರನ್‌ಟೈಮ್, ಸಿ ಭಾಷೆ ಪ್ರೋಗ್ರಾಂ ಓಡುವಾಗ ಬೇಕಾಗೋ ಮೂಲ ಕೋಡು. ವಿಂಡೋಸ್ 10ರಲ್ಲಿ ಅದು ಜೊತೆಗೇ ಬರುತ್ತೆ, 7 ಮತ್ತು 8.1ಕ್ಕೆ ಕೆಬಿ2999226 ಅನ್ನೋ ಅಪ್‌ಡೇಟ್ ಹಾಕ್ಬೇಕು. ಅದು ಕೂರೋಕೆ ಸೆವೆನ್‌ಗೆ ಸರ್ವೀಸ್ ಪ್ಯಾಕ್ 1 ಮೊದಲೇ ಇರ್ಬೇಕು, ಸರ್ವೀಸ್ ಪ್ಯಾಕ್ ಹಾಕೋಕೆ ಡಿಸ್ಕಲ್ಲಿ ಜಾಗ ಇರ್ಬೇಕು, ಜಾಗ ಇರಲ್ಲ, ಯಾಕಂದ್ರೆ ಸಿ ಡ್ರೈವಲ್ಲಿ ಯಾರದ್ದೋ ಮದುವೆ ವಿಡಿಯೋ ಇರುತ್ತೆ. ಕಂಡೋರ ಡಿಎಲ್‌ಎಲ್‌ನ ಯಾವುದೋ ಸೈಟಿಂದ ಡೌನ್‌ಲೋಡ್ ಮಾಡಿ ಸಿಸ್ಟಂ32ಗೆ ಹಾಕೋ ಕೆಲಸ ಮಾತ್ರ ಬೇಡ. ಸಿ ಪ್ಲಸ್‌ಪ್ಲಸ್ ಆದ್ರೆ ರನ್‌ಟೈಮನ್ನ ಸ್ಟ್ಯಾಟಿಕ್ ಆಗಿ, ಅಂದ್ರೆ ಪ್ರೋಗ್ರಾಂ ಫೈಲೊಳಗೇ, ಸೇರಿಸಿಬಿಡಿ, ಫೈಲ್ ಸ್ವಲ್ಪ ದಪ್ಪ ಆಗುತ್ತೆ, ಫೋನ್ ಕಾಲ್ ಕಮ್ಮಿ ಆಗುತ್ತೆ.

"ರುಪಾಯಿ ಚಿಹ್ನೆ ಬದಲು ಚೌಕದ ಡಬ್ಬಿ ಬರುತ್ತೆ, ಕನ್ನಡನೂ ಒಡೆದು ಕಾಣುತ್ತೆ"

₹ ಚಿಹ್ನೆ ಹುಟ್ಟಿದ್ದೇ 2010ರ ಜುಲೈನಲ್ಲಿ, ಎಲ್ಲಾ ಲಿಪಿಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಯೂನಿಕೋಡ್ 6.0ಗೆ ಸೇರಿದ್ದು ಅದೇ ಅಕ್ಟೋಬರಲ್ಲಿ. ಎಕ್ಸ್‌ಪಿಯ ಫಾಂಟುಗಳಲ್ಲಿ ಅದು ಇಲ್ಲ, 2009ರ ಸೆವೆನ್‌ಗೂ ಅಪ್‌ಡೇಟ್ ಹಾಕಿದ್ಮೇಲೇ ಬಂದಿದ್ದು. ನಾನು ಹಳೇ ಮಷೀನಲ್ಲಿ "ರೂ." ಅಂತ ಬರೆದು ಮುಂದೆ ಹೋಗ್ತೀನಿ.

ಕನ್ನಡದ್ದು ಸ್ವಲ್ಪ ಸೂಕ್ಷ್ಮ. ಎಕ್ಸ್‌ಪಿ ಜೊತೆಗೆ ತುಂಗಾ ಅನ್ನೋ ಕನ್ನಡ ಫಾಂಟ್ ಬಂತು, ನಮ್ಮೂರ ಹೊಳೆ ಹೆಸರೇ, ಕೋಟೆ ರಸ್ತೇಲಿ ಹೋಗುವಾಗೆಲ್ಲ ನೆನಪಾಗುತ್ತೆ. ಆದ್ರೆ ರೀಜನಲ್ ಸೆಟ್ಟಿಂಗ್ಸಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಒಂದು ಟಿಕ್ ಇದೆ, ಅದನ್ನ ಹಾಕ್ದೇ ಇದ್ರೆ ಒತ್ತಕ್ಷರ ಕೂಡಲ್ಲ, "ಅಕ್ಕಿ" ಅನ್ನೋದು "ಅಕ್‌ಕಿ" ಆಗಿ ಬಿದ್ದಿರುತ್ತೆ. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂತು, 10ರಲ್ಲಿ ತುಂಗಾ ಬೇಕಂದ್ರೆ ಬೇರೆಯಾಗಿ ಹಾಕ್ಕೋಬೇಕು. ಹಂಗಾಗಿ ಕೋಡಲ್ಲಿ ಒಂದೇ ಫಾಂಟ್ ಹೆಸರು ಗಟ್ಟಿಯಾಗಿ ಬರೆದ್ರೆ ಒಂದಲ್ಲ ಒಂದು ಕಡೆ ಕೆಡುತ್ತೆ. ಲೈಸೆನ್ಸ್ ಮುಕ್ತವಾಗಿರೋ ನೋಟೋ ಸಾನ್ಸ್ ಕನ್ನಡ ಥರದ್ದನ್ನ ಪ್ರೋಗ್ರಾಂ ಜೊತೆಗೇ ಕಟ್ಟಿ ಕಳಿಸಿ.

ಹಳೇ ಡೇಟಾ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನ ಯೂನಿಕೋಡ್ ಅಲ್ಲದ ಫಾಂಟಲ್ಲಿದ್ರೆ ಅದು ಓಎಸ್ ಸಮಸ್ಯೆನೇ ಅಲ್ಲ. ಅಲ್ಲಿರೋದು ಇಂಗ್ಲಿಷ್ ಅಕ್ಷರಗಳ ಕೋಡು, ಕನ್ನಡ ಥರ ಕಾಣೋದು ಫಾಂಟಿಂದ ಅಷ್ಟೇ. ಒಂದ್ಸಲ ಕೂತು ಯೂನಿಕೋಡ್‌ಗೆ ಬದಲಾಯಿಸಿ, ಅರ್ಕಾವತ್ತು ಇರೋ ಹೆಸರುಗಳನ್ನ ಕಣ್ಣಲ್ಲೇ ನೋಡಿ ತಿದ್ದಿ.

"ಆಂಡ್ರಾಯ್ಡಲ್ಲಿ ಮಿನ್ ಎಸ್‌ಡಿಕೆ 21 ಇಡ್ಲಾ, 24 ಇಡ್ಲಾ, 26 ಇಡ್ಲಾ?"

ಎಸ್‌ಡಿಕೆ ನಂಬರ್ ಅಂದ್ರೆ ಆಂಡ್ರಾಯ್ಡ್ ವರ್ಷನ್ನಿನ ಲೆಕ್ಕ. ಮೊದಲು ಮಿನ್, ಕಂಪೈಲ್, ಟಾರ್ಗೆಟ್ ಅನ್ನೋ ಮೂರನ್ನ ಕಲಸ್ಕೋಬೇಡಿ. ಮಿನ್ ಅಂದ್ರೆ ಇದಕ್ಕಿಂತ ಹಳೇ ಫೋನಲ್ಲಿ ಇನ್‌ಸ್ಟಾಲೇ ಆಗಲ್ಲ. ಕಂಪೈಲ್ ಅಂದ್ರೆ ಬರೆಯುವಾಗ ಯಾವ ಹೆಸರುಗಳು ಕಾಣ್ತವೆ ಅಂತ. ಟಾರ್ಗೆಟ್ ಅಂದ್ರೆ ಇಲ್ಲಿವರೆಗಿನ ಹೊಸ ನಡವಳಿಕೆ ನನಗೆ ಗೊತ್ತು ಅಂತ ನೀವು ಕೊಡೋ ಮಾತು. ಟಾರ್ಗೆಟ್ ಏರ್ಸಿದ್ರೆ ಹಳೇ ಫೋನ್ ಬಿಟ್ಟು ಹೋಗುತ್ತೆ ಅಂತ ಸುಮಾರು ಜನ ಹೆದರ್ತಾರೆ, ಹಂಗೇನಿಲ್ಲ.

21 ಅಂದ್ರೆ ಆಂಡ್ರಾಯ್ಡ್ 5.0, 23 ಅಂದ್ರೆ 6.0, 24 ಅಂದ್ರೆ 7.0, 26 ಅಂದ್ರೆ 8.0. ಕ್ಯಾಮೆರಾ, ಲೊಕೇಶನ್ ಪರ್ಮಿಶನ್ನನ್ನ ಓಡುವಾಗ ಕೇಳೋ ಪದ್ಧತಿ 6.0ರಿಂದ ಬಂತು, ಅದಕ್ಕಿಂತ ಹಳೇದಿಟ್ಕೊಂಡ್ರೆ ಎರಡೂ ದಾರಿ ಟೆಸ್ಟ್ ಮಾಡ್ಬೇಕು. ಜಾವಾದ ಹೊಸ ತಾರೀಕಿನ ಕ್ಲಾಸುಗಳು 26ರಿಂದ ಇವೆ, ಕೆಳಗಡೆ ಬೇಕಂದ್ರೆ ಹೊಸ ಕೋಡನ್ನ ಹಳೇ ಫೋನಿಗೆ ಅರ್ಥ ಆಗೋ ಹಂಗೆ ಬದಲಾಯಿಸೋ ಡಿಶುಗರಿಂಗ್ ಹಾಕ್ಬೇಕು. ಇವಕ್ಕೆಲ್ಲ ಆಂಡ್ರಾಯ್ಡ್ ಸ್ಟುಡಿಯೋ ಕೆಂಪು ಗೆರೆ ಎಳೆದು ಹೇಳುತ್ತೆ.

ಹೇಳದೇ ಕಚ್ಚೋದು ಎಸ್‌ಕ್ಯೂಲೈಟ್, ಆಪಿನ ಡೇಟಾ ಇಡೋ ಡೇಟಾಬೇಸು. ಅದು ಫೋನಿನ ಜೊತೆ ಬರೋದು, ಆಂಡ್ರಾಯ್ಡ್ 10ರಲ್ಲಿ 3.22, 11ರಲ್ಲಿ 3.28. ಇದ್ರೆ ತಿದ್ದು ಇಲ್ದಿದ್ರೆ ಸೇರ್ಸು ಅನ್ನೋ ಅಪ್‌ಸರ್ಟ್ ಬಂದಿದ್ದು 3.24ರಲ್ಲಿ. ನನ್ನ ಹೊಸ ಫೋನಲ್ಲಿ ಎಲ್ಲಾ ಸರಿ, ತೋಟದಲ್ಲಿ ಅಡಿಕೆ ಗೊನೆ ಲೆಕ್ಕ ಬರ್ಕೊಳ್ಳೋ ಮೇಸ್ತ್ರಿ ಹಳೇ ಫೋನಲ್ಲಿ ಸೇವ್ ಒತ್ತಿದ್ರೆ ಆಪ್ ಮಾಯ. ಈಗ ಎಸ್‌ಕ್ಯೂಲೈಟನ್ನ ಆಪ್ ಜೊತೆಗೇ ಹಾಕಿ ಕಳಿಸ್ತೀನಿ.

ನಂದು ಸದ್ಯಕ್ಕೆ 24. ಕಾರಣ ಕೆಳಗಿದೆ.

## ಇನ್ನೂ ಒಳಗೆ ಇಳಿದೋರು ಕೇಳೋದು

"ನೆಟ್ ಇದೆ, ವಾಟ್ಸಾಪ್ ಬರುತ್ತೆ, ನಮ್ ಆಪ್ ಮಾತ್ರ ಸರ್ವರ್‌ಗೆ ಹೋಗಲ್ಲ"

ಮೊದಲು ತಾರೀಕು ನೋಡಿ! ಮದರ್‌ಬೋರ್ಡ್ ಸೆಲ್ ಸತ್ತಿರೋ ಡೆಸ್ಕ್‌ಟಾಪು ಜೋರು ಮಳೇಲಿ ನಾಲ್ಕು ದಿನ ಕರೆಂಟಿಲ್ದೇ ಇದ್ದು ಆನ್ ಆದ್ರೆ ಎಷ್ಟೋ ವರ್ಷ ಹಿಂದಿನ ತಾರೀಕಿಗೆ ಹೋಗಿರುತ್ತೆ, ಸರ್ವರ್ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಅದು ಬಾಗಿಲು ಹಾಕ್ಕೊಳ್ಳುತ್ತೆ. ಒಂದು ಸಣ್ಣ ಸೆಲ್ಲಿಗೋಸ್ಕರ ನಾನು ಆಗುಂಬೆ ಕಡೆ ಎರಡ್ಸಲ ಬಸ್ ಹತ್ತಿದ್ದೀನಿ.

ತಾರೀಕು ಸರಿ ಇದ್ರೆ ಟಿಎಲ್‌ಎಸ್ ನೋಡಿ, ಅಂದ್ರೆ ಸರ್ವರ್ ಜೊತೆ ಗುಟ್ಟಾಗಿ ಮಾತಾಡೋ ಪದ್ಧತಿಯ ವರ್ಷನ್ನು. ಎಕ್ಸ್‌ಪಿ 1.0ಕ್ಕೇ ನಿಂತಿದೆ, ಈಗಿನ ಸರ್ವರುಗಳು 1.2ಕ್ಕಿಂತ ಕೆಳಗೆ ಮಾತಾಡೋದು ಕಮ್ಮಿ. ಸೆವೆನ್‌ನಲ್ಲಿ 1.2 ಇದೆ, ಆದ್ರೆ ಸರ್ವರ್ ಜೊತೆ ಮಾತಾಡೋ ವಿಂಡೋಸಿನ ಭಾಗ ವಿನ್‌ಎಚ್‌ಟಿಟಿಪಿ ತಾನಾಗೇ ಅದನ್ನ ಬಳಸಲ್ಲ, ಕೆಬಿ3140245 ಹಾಕಿ ರಿಜಿಸ್ಟ್ರೀಲಿ ಆನ್ ಮಾಡ್ಬೇಕು.

ಮೂರನೇದು ರೂಟ್ ಸರ್ಟಿಫಿಕೇಟ್, ಸರ್ವರ್ ಸರ್ಟಿಫಿಕೇಟನ್ನ ನಂಬೋಕೆ ಫೋನಲ್ಲಿ ಮೊದಲೇ ಇರ್ಬೇಕಾದ ಮೂಲ ಸರ್ಟಿಫಿಕೇಟು. ಪುಕ್ಕಟೆ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನಂಬ್ಕೊಂಡಿದ್ದ ಹಳೇ ರೂಟ್ 2021ರ ಸೆಪ್ಟೆಂಬರ್ 30ಕ್ಕೆ ಮುಗೀತು, ಹೊಸ ರೂಟ್ ಆಂಡ್ರಾಯ್ಡ್ 7.1.1ರಿಂದ ಮೇಲೆ ಮಾತ್ರ ಇರೋದು. ಹಳೇ ಫೋನುಗಳಿಗೆ ಅಂತ ಒಂದು ಏರ್ಪಾಡು ಮಾಡಿ 2024ರ ಸೆಪ್ಟೆಂಬರ್‌ವರೆಗೂ ತಳ್ಳಿದ್ರು, ಅದೂ ಮುಗೀತು. ಈಗ ಹಳೇ ಫೋನ್ ಬೇಕಂದ್ರೆ ಹೊಸ ರೂಟನ್ನ ಆಪ್ ಒಳಗೇ ಇಡ್ಬೇಕು, 24ರಿಂದ ಮೇಲೆ ಅದು ಬರೀ ಒಂದು ಕಾನ್ಫಿಗ್ ಫೈಲ್ ಕೆಲಸ, ಕೆಳಗೆ ಕೋಡಲ್ಲಿ ಒದ್ದಾಡ್ಬೇಕು. ನಾನು 24ಕ್ಕೆ ನಿಂತಿದ್ದು ಇದಕ್ಕೇ. ಸರ್ಟಿಫಿಕೇಟ್ ಚೆಕ್ಕನ್ನೇ ಆಫ್ ಮಾಡೋ ಎರಡು ಸಾಲಿನ ಕೋಡ್ ಎಲ್ಲಾ ಕಡೆ ಸಿಗುತ್ತೆ, ದುಡ್ಡಿನ ಲೆಕ್ಕ ಇರೋ ಆಪಲ್ಲಿ ಅದನ್ನ ಹಾಕಿದೋರನ್ನ ಕೆಲಸಕ್ಕೆ ಇಟ್ಕೋಬೇಡಿ.

"ಲಿನಕ್ಸಲ್ಲಿ ಜಿಲಿಬ್‌ಸಿ 2.34 ಸಿಗ್ಲಿಲ್ಲ ಅಂತ ಬರುತ್ತೆ, ಏನದು?"

ಜಿಲಿಬ್‌ಸಿ ಅಂದ್ರೆ ಲಿನಕ್ಸಲ್ಲಿ ಬಹುತೇಕ ಪ್ರೋಗ್ರಾಮುಗಳು ನೆಚ್ಕೊಂಡಿರೋ ಮೂಲ ಲೈಬ್ರರಿ. ನೀವು ಉಬುಂಟು 22.04ರಲ್ಲಿ ಬಿಲ್ಡ್ ಮಾಡಿ 20.04ಕ್ಕೆ ಕೊಟ್ಟಿದ್ದೀರಿ. 22.04ರಲ್ಲಿ ಜಿಲಿಬ್‌ಸಿ 2.35, 20.04ರಲ್ಲಿ 2.31. ಯಾವ ಹಳೇದ್ರಲ್ಲಿ ಓಡ್ಬೇಕೋ ಅದರಲ್ಲೇ ಬಿಲ್ಡ್ ಮಾಡಿ, ಮೇಲಕ್ಕೆ ಓಡುತ್ತೆ, ಕೆಳಕ್ಕೆ ಓಡಲ್ಲ. ಬೇರೆ ಲಿನಕ್ಸನ್ನ ಡಬ್ಬಿ ಥರ ಇಟ್ಕೊಂಡು ಓಡಿಸೋ ಡಾಕರಲ್ಲಿ ಹಳೇ ಇಮೇಜ್ ಇಟ್ಕೊಂಡ್ರೆ ಸಾಕು.

"ಟೆಸ್ಟಿಂಗ್‌ಗೆ ವರ್ಚುಯಲ್ ಮಷೀನ್ ಸಾಕಲ್ವಾ?"

ವರ್ಚುಯಲ್ ಮಷೀನ್ ಅಂದ್ರೆ ಕಂಪ್ಯೂಟ್ರೊಳಗೆ ಇನ್ನೊಂದು ನಕಲಿ ಕಂಪ್ಯೂಟ್ರು. ಓಡುತ್ತಾ ಇಲ್ವಾ ಅಂತ ನೋಡೋಕೆ ಸಾಕು, ವರ್ಚುಯಲ್‌ಬಾಕ್ಸಲ್ಲಿ ಸೆವೆನ್ ಹಾಕಿ ಯಾವ ಅಪ್‌ಡೇಟೂ ಇಲ್ದೇ ಇರೋ ಒಂದು ಸ್ನ್ಯಾಪ್‌ಶಾಟ್, ಎಲ್ಲಾ ಹಾಕಿರೋ ಒಂದು ಸ್ನ್ಯಾಪ್‌ಶಾಟ್ ಇಟ್ಕೊಳ್ಳಿ. ಪ್ರೋಗ್ರಾಮರ್ ಮಷೀನಲ್ಲಿ ಎಲ್ಲಾ ರನ್‌ಟೈಮೂ ಇರುತ್ತೆ, ಅದ್ರಲ್ಲಿ ಟೆಸ್ಟ್ ಮಾಡೋದು ಟೆಸ್ಟೇ ಅಲ್ಲ.

ಆದ್ರೆ 2 ಜಿಬಿ ರ‍್ಯಾಮು, ಸವೆದ ಹಾರ್ಡ್ ಡಿಸ್ಕು, ಎಲ್‌ಪಿಟಿ ಅನ್ನೋ ಹಳೇ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿರೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಇದನ್ನ ವರ್ಚುಯಲ್ ಮಷೀನ್ ತೋರ್ಸಲ್ಲ. ಡಾಟ್ ಮ್ಯಾಟ್ರಿಕ್ಸಲ್ಲಿ ಟೆಕ್ಸ್ಟ್ ಮೋಡ್ ಆದ್ರೆ ಕ್ಷಣದಲ್ಲಿ ಪಟ್ಟಿ ಬರುತ್ತೆ, ಕನ್ನಡ ಬೇಕಂದ್ರೆ ಗ್ರಾಫಿಕ್ಸ್ ಮೋಡು, ಒಂದೊಂದು ಗೆರೆ ಎಳೀತಾ ಕೂರುತ್ತೆ, ಹಿಂದೆ ರಾಶಿ ಇಡಿ, ಬೆಟ್ಟೆ ಥರದ ಅಡಿಕೆ ಮಾರಿದ ರೈತ್ರು ಪಟ್ಟಿಗೆ ಸಾಲಲ್ಲಿ ನಿಂತಿರ್ತಾರೆ. ಒಬ್ಬ ಗಿರಾಕಿ ಅಟ್ಟದ ಮೇಲೆ ಎಸೆದಿದ್ದ ಡೆಸ್ಕ್‌ಟಾಪನ್ನ ಕೇಳಿ ತಂದು ಧೂಳು, ಬೂಷ್ಟು ಒರೆಸಿ ನನ್ನ ಮೇಜಿನ ಪಕ್ಕ ಇಟ್ಟಿದ್ದೀನಿ, ಪ್ರತಿ ಬಿಡುಗಡೆ ಮುಂಚೆ ಅದ್ರಲ್ಲಿ ನೂರು ಬಿಲ್ ಹೊಡೀತೀನಿ.

"ಆಫೀಸಲ್ಲಿ ಎರಡು ಮಷೀನು, ಒಂದ್ರಲ್ಲಿ ಹೊಸ ವರ್ಷನ್ನು, ಒಂದ್ರಲ್ಲಿ ಹಳೇದು, ಡೇಟಾ ಒಂದೇ. ನಡೆಯುತ್ತಾ?"

ನಡೆಯೋ ಹಂಗೆ ಬರೆದಿದ್ರೆ ನಡೆಯುತ್ತೆ. ಹೊಸ ಕಾಲಂ ಸೇರ್ಸಿ, ಹಳೇದನ್ನ ಅಳಿಸ್ಬೇಡಿ, ಹೆಸರು ಬದಲಾಯಿಸ್ಬೇಡಿ, ಖಾಲಿ ಬಿಟ್ರೂ ನಡೆಯೋ ಹಂಗೆ ಇಡಿ. ಎಸ್‌ಕ್ಯೂಲೈಟಲ್ಲಿ ಯೂಸರ್ ವರ್ಷನ್ ಅಂತ ಒಂದು ನಂಬರ್ ಇಡೋಕೆ ಜಾಗ ಇದೆ, ಹಳೇ ಪ್ರೋಗ್ರಾಂ ತನಗೆ ಗೊತ್ತಿಲ್ಲದ ದೊಡ್ಡ ನಂಬರ್ ಕಂಡ್ರೆ ಬರೀ ಓದ್ಬೇಕು, ಬರೀಬಾರದು. ಈ ಚೆಕ್ಕನ್ನ ಮೊದಲನೇ ವರ್ಷನ್ನಲ್ಲೇ ಹಾಕಿರ್ಬೇಕು, ಆಮೇಲೆ ನೆನಪಾದ್ರೆ ಹಳೇದಕ್ಕೆ ಹೋಗಿ ಹೇಳೋರ್ಯಾರು?

"ಕೋಡ್ ತುಂಬಾ ಹಳೇ ವಿಂಡೋಸಿನ ಇಫ್‌ಗಳೇ ಆಗಿ ಹೋಗಿವೆ"

ಎಲ್ಲಾನೂ ಒಂದೇ ಫೈಲಿಗೆ ತಳ್ಳಿ. ಉಳಿದ ಕೋಡು "ಟೈಮ್ ಕೊಡು", "ಪ್ರಿಂಟ್ ಮಾಡು" ಅಂತ ಆ ಫೈಲನ್ನ ಕೇಳ್ಬೇಕೇ ಹೊರತು ಅದಕ್ಕೆ ಎಕ್ಸ್‌ಪಿ, ಸೆವೆನ್ ಅನ್ನೋ ಹೆಸರೇ ಗೊತ್ತಿರ್ಬಾರ್ದು. ಪ್ರತಿ ಇಫ್ ಮೇಲೆ ಯಾವ ಗಿರಾಕಿಗೆ ಹಾಕಿದ್ದು, ಯಾವಾಗ ತೆಗೀಬಹುದು ಅಂತ ಒಂದು ಸಾಲು ಬರೀರಿ. ತೆಗೆಯೋ ದಿನ ಬಂದಾಗ ಕೈ ನಡುಗಲ್ಲ.

"ಸಪೋರ್ಟ್ ನಿಲ್ಲಿಸ್ತೀವಿ ಅಂದ್ರೆ ಬೈತಾರಲ್ಲ, ಹೆಂಗೆ ಹೇಳೋದು?"

ಬೈತಾರೆ. ಒಂದು ವರ್ಷ ಮುಂಚೆ ಹೇಳಿ, ಬಾಯಲ್ಲಿ ಹೇಳಿ, ಬಿಲ್ಲಿನ ಸ್ಕ್ರೀನಲ್ಲೂ ತಾರೀಕು ತೋರ್ಸಿ. ಅಡಿಕೆ ಸೀಸನ್‌ನಲ್ಲಿ, ಮಾರ್ಚ್ ಕೊನೇಲಿ ಯಾವ ಬದಲಾವಣೆನೂ ಬೇಡ, ಮಳೆಗಾಲದಲ್ಲಿ ಮಂಡಿ ಸ್ವಲ್ಪ ತಣ್ಣಗಿರುವಾಗ ಮಾಡಿ.

ಎಲ್ಲದಕ್ಕಿಂತ ಮುಖ್ಯ, ಅಪ್‌ಡೇಟ್ ಕಳಿಸೋ ಸರ್ವರ್ ಆ ಮಷೀನಲ್ಲಿ ಏನಿದೆ ಅಂತ ನೋಡಿ ಕಳಿಸ್ಬೇಕು. ನಾನು ಅದನ್ನ ಮರೆತು ಒಂದು ರಾತ್ರಿ ಹೊಸ ಬಿಲ್ಡ್ ಬಿಟ್ಟೆ, ಬೆಳಿಗ್ಗೆ ಸೆವೆನ್ ಇದ್ದ ಹನ್ನೊಂದು ಮಷೀನಲ್ಲಿ ಪ್ರೋಗ್ರಾಂ ಏಳ್ಲಿಲ್ಲ, ಅಪ್‌ಡೇಟ್ ಮಾಡೋ ಭಾಗನೂ ಅದ್ರೊಳಗೇ ಇದ್ದಿದ್ರಿಂದ ದೂರದಿಂದ ಸರಿ ಮಾಡೋಕೂ ಆಗ್ಲಿಲ್ಲ. ಎರಡು ದಿನ ಪೆನ್‌ಡ್ರೈವ್ ಹಿಡ್ಕೊಂಡು ಸಾಗರ, ಹೊಸನಗರ ಸುತ್ತಿದೆ, ಒಂದು ಮಂಡೀಲಿ ಕೈಬರಹದ ಪಟ್ಟಿ ಕೊಡ್ತಾ ಕೂತಿದ್ರು, ಏನೂ ಬೈಲಿಲ್ಲ, ಕಾಫಿ ಕೊಟ್ರು, ಅದೇ ಜಾಸ್ತಿ ಬೇಜಾರಾಯ್ತು. ಈಗ ಅಪ್‌ಡೇಟ್ ಮಾಡೋದು ಬೇರೆ ಸಣ್ಣ ಪ್ರೋಗ್ರಾಂ, ಹೊಸದು ಏಳ್ಲಿಲ್ಲ ಅಂದ್ರೆ ಹಳೇದನ್ನ ವಾಪಸ್ ಇಡುತ್ತೆ.

"ಎಕ್ಸ್‌ಪಿಗೆ ಓಡೋ ಆ ಹಳೇ ವರ್ಷನ್ ಇನ್ನೂ ಸಿಗುತ್ತಾ?"

ಸಿಗುತ್ತೆ, ಕೊನೇ ಇನ್‌ಸ್ಟಾಲರ್ ಎತ್ತಿಟ್ಟಿದ್ದೀನಿ, ಹೊಸ ಸೌಲಭ್ಯ ಏನೂ ಸೇರಲ್ಲ. ಬರುವಾಗ ಪೆನ್‌ಡ್ರೈವನ್ನ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ತನ್ನಿ, ಅಪ್‌ಡೇಟ್ ಹಾಕದ ಎಕ್ಸ್‌ಪಿ ಎಕ್ಸ್‌ಫ್ಯಾಟ್ ಓದಲ್ಲ.